ಹೆಸರಿಲ್ಲದ ತೂಗುದೀಪಕ್ಕೆ ಬೆಲೆ ಕಟ್ಟುವುದು ಹೇಗೆ?



ಅಮೆರಿಕದ ಒಂದು ಹಳೆಯ ಮನೆ ಅಂದ್ಕೊಳ್ಳಿ. ಊಟದ ಮೇಜಿನ ಮೇಲೆ ಸರಪಳಿಯಲ್ಲಿ ಇಳಿಬಿಟ್ಟ ಒಂದು ತೂಗುದೀಪ. ಅದರ ಶೇಡು ಬೋರಲು ಹಾಕಿದ ಬಾಣಲೆಯ ಆಕಾರದ್ದು, ನೂರಾರು ಬಣ್ಣದ ಗಾಜಿನ ಚೂರುಗಳನ್ನು ಸೇರಿಸಿ ಮಾಡಿದ್ದು. ಮನೆಯವರು ಅದನ್ನು ಮಾರಬೇಕೆಂದಿದ್ದಾರೆ. ಹುಡುಕಿದರೆ ದೀಪದ ಮೇಲೆ ಎಲ್ಲೂ ಹೆಸರಿಲ್ಲ, ಸಹಿ ಇಲ್ಲ, ಮುದ್ರೆ ಇಲ್ಲ. ನೋಡಿದವರಲ್ಲಿ ಒಬ್ಬರು "ಇದಕ್ಕೆ ಹತ್ತು ಸಾವಿರ ಡಾಲರ್ ಬರುತ್ತೆ" ಅಂತಾರೆ. ಇನ್ನೊಬ್ಬರು "ನೂರು ಬಂದ್ರೆ ಹೆಚ್ಚು" ಅಂತಾರೆ. ಯಾರ ಮಾತು ನಂಬಬೇಕು?

ವಿಜ್ಞಾನದ ಪತ್ರಿಕೆಯಲ್ಲಿ ವ್ಯಾಪಾರದ ಮಾತೇಕೆ ಎಂದು ಕೇಳಬಹುದು. ಈ ದೀಪಕ್ಕೆ ಬೆಲೆ ಕಟ್ಟಲು ಬೇಕಾದ್ದೆಲ್ಲ ನಿಮ್ಮ ಪಾಠಪುಸ್ತಕದಲ್ಲೇ ಇದೆ: ಸಾಂದ್ರತೆ, ಕರಗುವ ಬಿಂದು, ಸ್ಥಾನಪಲ್ಲಟ ಕ್ರಿಯೆ, ಸರಾಸರಿ, ಮಧ್ಯಾಂಕ. ಇನ್ನೂ ಒಂದು ಬೇಕು: ಪುರಾವೆ ಎಷ್ಟು ಹೇಳುತ್ತದೋ ಅಷ್ಟನ್ನೇ ಹೇಳುವ ಶಿಸ್ತು. ಆ ಶಿಸ್ತು ತಪ್ಪಿದರೆ ಮಾರುವವರಿಗೋ ಕೊಳ್ಳುವವರಿಗೋ ಮೋಸ ಆಗುತ್ತದೆ.

ಇದು ಎಂಥ ದೀಪ?

ಮೈಸೂರು ಅರಮನೆಗೆ ಪ್ರವಾಸ ಹೋದವರು ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನವಿಲುಗಳಿರುವ ಬಣ್ಣದ ಗಾಜಿನ ಚಾವಣಿಯನ್ನು ನೋಡಿರುತ್ತೀರಿ. ಗಾಜಿನ ತುಂಡುಗಳನ್ನು ಲೋಹದಿಂದ ಹಿಡಿದಿಟ್ಟು ಚಿತ್ರ ಮಾಡುವ ಕಲೆ ಬಹಳ ಹಳೆಯದು. ಯುರೋಪಿನ ಚರ್ಚುಗಳ ಕಿಟಕಿಗಳಲ್ಲಿ ಸೀಸದ ಪಟ್ಟಿ ಬಳಸುತ್ತಿದ್ದರು. ಪಟ್ಟಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಎಚ್ ಅಕ್ಷರದಂತೆ ಕಾಣುತ್ತದೆ. ಎರಡೂ ಬದಿಯ ಸಂದಿನಲ್ಲಿ ಗಾಜು ಕೂರುತ್ತದೆ. ದೊಡ್ಡ ಕಿಟಕಿಗೆ ಇದು ಸರಿ. ಬೆರಳಗಲದ ಗಾಜಿನ ಚೂರುಗಳನ್ನು ದುಂಡಗೆ ಬಾಗಿಸಿ ಜೋಡಿಸಲು ಸೀಸದ ಪಟ್ಟಿ ತುಂಬ ದಪ್ಪವಾಯಿತು.

ನ್ಯೂಯಾರ್ಕಿನ ಲೂಯಿ ಕಂಫರ್ಟ್ ಟಿಫಾನಿ (1848–1933) ಅವರ ಕಾರ್ಖಾನೆ 'ಟಿಫಾನಿ ಸ್ಟುಡಿಯೋಸ್' 1890ರ ದಶಕದ ಕೊನೆಯಿಂದ ಇಂಥ ಗಾಜಿನ ಶೇಡುಗಳಿಂದ ಹೆಸರಾಯಿತು. ಅಲ್ಲಿ ಪ್ರತಿ ಚೂರಿನ ಅಂಚಿಗೂ ತೆಳುವಾದ ತಾಮ್ರದ ಹಾಳೆ ಸುತ್ತಿ, ಚೂರುಗಳನ್ನು ಮರದ ಅಚ್ಚಿನ ಮೇಲೆ ಜೋಡಿಸಿ, ತಾಮ್ರದ ಮೇಲೆ ಬೆಸುಗೆ ಹಾಕುತ್ತಿದ್ದರು. ಬೆಸುಗೆ ಅಂದ್ರೆ ತವರ ಮತ್ತು ಸೀಸದ ಮಿಶ್ರಲೋಹ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327 ಡಿಗ್ರಿಯಲ್ಲಿ. ಎರಡನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿದರೆ 183 ಡಿಗ್ರಿಗೇ ಕರಗುತ್ತದೆ! ತಾಮ್ರಕ್ಕೆ 1085 ಡಿಗ್ರಿ ಬೇಕು. ಅದಕ್ಕೇ ಬೆಸುಗೆ ನೀರಾಗಿ ಹರಿದರೂ ತಾಮ್ರ ಅಲುಗುವುದಿಲ್ಲ.

ಟಿಫಾನಿಯ ಕಾಲದಲ್ಲೇ ಅಮೆರಿಕದಲ್ಲಿ ಹ್ಯಾಂಡೆಲ್, ಡಫ್ನರ್ ಅಂಡ್ ಕಿಂಬರ್ಲಿ ಮುಂತಾದ ಬೇರೆ ಕಂಪನಿಗಳೂ ಗಾಜಿನ ದೀಪ ಮಾಡಿದವು. ಆಮೇಲೆ ಆ ಫ್ಯಾಶನ್ ಹೋಯಿತು. 1932ರಲ್ಲಿ ಟಿಫಾನಿ ಸ್ಟುಡಿಯೋಸ್ ದಿವಾಳಿಯಾಯಿತು. 1960–70ರ ದಶಕಗಳಲ್ಲಿ ಅದೇ ಶೈಲಿ ಮತ್ತೆ ಜನಪ್ರಿಯವಾಗಿ ಹೋಟೆಲು, ಮನೆಗಳಲ್ಲೆಲ್ಲ ಇಂಥ ತೂಗುದೀಪಗಳು ಬಂದವು. ಇಂದಿಗೂ ಮಾಡುತ್ತಾರೆ. ಹಾಗಾಗಿ ನಮ್ಮ ದೀಪಕ್ಕೆ ನೂರಕ್ಕೂ ಹೆಚ್ಚು ವರ್ಷ ಆಗಿರಬಹುದು, ಐವತ್ತು ಆಗಿರಬಹುದು, ಹತ್ತೂ ಆಗಿರಬಹುದು.

ಸಹಿ ಇದ್ದರೆ ಸಾಕೇ? ಇಲ್ಲದಿದ್ದರೆ ಮುಗಿಯಿತೇ?

ಟಿಫಾನಿ ಶೇಡುಗಳ ಅಂಚಿನ ಒಳಗೆ ಸಾಮಾನ್ಯವಾಗಿ ಹೆಸರು ಒತ್ತಿದ ಒಂದು ಚಿಕ್ಕ ಲೋಹದ ಪಟ್ಟಿ ಇರುತ್ತದೆ. ಆದರೆ ಅಂಥ ಪಟ್ಟಿಯನ್ನು ಯಾರು ಬೇಕಾದರೂ ಮಾಡಿ ಅಂಟಿಸಬಹುದು, ಅಂಟಿಸಿದ್ದೂ ಉಂಟು. ಇನ್ನೊಂದು ಕಡೆ, ಒಳ್ಳೊಳ್ಳೆ ಕಂಪನಿಗಳ ಎಷ್ಟೋ ದೀಪಗಳಿಗೆ ಸಹಿಯೇ ಇಲ್ಲ. ಆದ್ದರಿಂದ ಸಹಿ ಇದೆ ಅಂದ ಮಾತ್ರಕ್ಕೆ ಅಸಲಿ ಅಲ್ಲ, ಇಲ್ಲ ಅಂದ ಮಾತ್ರಕ್ಕೆ ನಕಲಿಯೂ ಅಲ್ಲ. ಸಹಿ ಅನ್ನೋದು ಹಲವು ಪುರಾವೆಗಳಲ್ಲಿ ಒಂದು, ಅಷ್ಟೇ. ಅದು ಇಲ್ಲದಾಗ ದೀಪದ ಮೈಯನ್ನೇ ಓದಬೇಕು.

ಮೊದಲ ಪರೀಕ್ಷೆ: ಗಾಜೋ, ಪ್ಲಾಸ್ಟಿಕ್ಕೋ?

ಕೆಲವು ಅಗ್ಗದ ಶೇಡುಗಳು ಪ್ಲಾಸ್ಟಿಕ್ಕಿನವು. ಕೈಯಿಟ್ಟು ನೋಡಿ: ಗಾಜು ತಣ್ಣಗೆ ಅನ್ನಿಸುತ್ತದೆ. ಅದು ಪ್ಲಾಸ್ಟಿಕ್ಕಿಗಿಂತ ಬೇಗ ನಿಮ್ಮ ಬೆರಳಿನ ಶಾಖವನ್ನು ಎಳೆದುಕೊಳ್ಳುವುದೇ ಕಾರಣ. ತೂಕದಿಂದಲೂ ತಿಳಿಯಬಹುದು. ಲೆಕ್ಕ ಮಾಡೋಣ.

ಶೇಡು 50 ಸೆಂಟಿಮೀಟರ್ ವ್ಯಾಸದ ಅರ್ಧಗೋಳ, ದಪ್ಪ 3 ಮಿಲಿಮೀಟರ್ ಎಂದುಕೊಳ್ಳಿ.

ಮೇಲ್ಮೈ = 2 × 3.14 × 25 × 25 = 3925 ಚದರ ಸೆಂ.ಮೀ.
ಘನಫಲ = 3925 × 0.3 = 1177.5 ಘನ ಸೆಂ.ಮೀ.
ಗಾಜಾದರೆ (ಸಾಂದ್ರತೆ ಸುಮಾರು 2.5): ಸುಮಾರು 2.9 ಕಿಲೋ
ಅಕ್ರಿಲಿಕ್ ಪ್ಲಾಸ್ಟಿಕ್ ಆದರೆ (ಸುಮಾರು 1.2): ಸುಮಾರು 1.4 ಕಿಲೋ

ಬೆಸುಗೆ ಮತ್ತು ಲೋಹದ ಅಂಚಿನ ತೂಕ ಇದರ ಮೇಲೆ ಬರುತ್ತದೆ. ನಮ್ಮ ದೀಪದ ಶೇಡು 4 ಕಿಲೋ ತೂಗಿತು ಅಂದ್ಕೊಳ್ಳೋಣ. ಆಗ ಅದು ಗಾಜಿನದೇ ಎನ್ನಲು ಅಡ್ಡಿಯಿಲ್ಲ.

ಎರಡನೆಯದು: ಬಣ್ಣ ಏನು ಹೇಳುತ್ತದೆ?

ಗಾಜಿಗೆ ಬಣ್ಣ ಬರುವುದು ಲೋಹಗಳಿಂದ. ಕೋಬಾಲ್ಟ್ ಹಾಕಿದರೆ ಕಡುನೀಲಿ, ಕಬ್ಬಿಣದಿಂದ ಹಸಿರು, ಮ್ಯಾಂಗನೀಸ್‌ನಿಂದ ನೇರಳೆ, ಒಂದಿಷ್ಟೇ ಇಷ್ಟು ಚಿನ್ನದಿಂದ ಗುಲಾಬಿ ಕೆಂಪು. ಹಾಲಿನಂತೆ ಮಸುಕಾಗಿ ಕಾಣುವ ಗಾಜಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಿರುತ್ತವೆ. ಅವು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ನೀರಿಗೆ ನಾಲ್ಕು ಹನಿ ಹಾಲು ಹಾಕಿ ಟಾರ್ಚು ಬಿಟ್ಟರೆ ಇದೇ ಕಾಣುತ್ತದೆ. ಇಂಥ ಗಾಜಿದ್ದರೆ ಒಳಗಿನ ಬಲ್ಬು ಕಣ್ಣಿಗೆ ಚುಚ್ಚುವುದಿಲ್ಲ, ಇಡೀ ಶೇಡೇ ಬೆಳಗುತ್ತದೆ.

ಈ ಗಾಜಿನಿಂದ ದೀಪದ ವಯಸ್ಸು ತಿಳಿಯುತ್ತದೆಯೇ? ಇಲ್ಲ. ಅಮೆರಿಕದ ಇಂಡಿಯಾನಾ ರಾಜ್ಯದ ಕೊಕೊಮೊ ಊರಿನ ಗಾಜಿನ ಕಾರ್ಖಾನೆ 1888ರಿಂದ ಇಂಥ ಹಾಲುಬಣ್ಣದ ಗಾಜು ಮಾಡುತ್ತಿದೆ. ಟಿಫಾನಿಯೂ ಅಲ್ಲಿಂದ ಗಾಜು ತರಿಸಿದ್ದರು. ಇಂದಿನ ಹವ್ಯಾಸಿಗಳೂ ಅಲ್ಲಿಂದಲೇ ತರಿಸುತ್ತಾರೆ. ಯುರೇನಿಯಂ ಸೇರಿದ ಹಳದಿ-ಹಸಿರು ಗಾಜು ನೇರಳಾತೀತ ದೀಪದಡಿ ಹಸಿರಾಗಿ ಹೊಳೆಯುತ್ತದೆ. "ಹೊಳೀತು, ಹಾಗಾದ್ರೆ ಹಳೇದು" ಅನ್ನುವವರಿದ್ದಾರೆ. ಆದರೆ ಅಂಥ ಗಾಜನ್ನು ಈಚೆಗೂ ಮಾಡುತ್ತಾರೆ. ಹೊಳಪಿನಿಂದ ಗೊತ್ತಾಗುವುದು ಯುರೇನಿಯಂ ಇದೆ ಎಂದಷ್ಟೇ.

ಗಾಜು ವಯಸ್ಸು ಹೇಳದಿದ್ದರೂ ಗುಣ ಹೇಳುತ್ತದೆ. ಬಣ್ಣದ ಏರಿಳಿತವನ್ನು ಹೂವಿನ ದಳಕ್ಕೆ, ಎಲೆಗೆ ತಕ್ಕಂತೆ ಆರಿಸಿ ಕತ್ತರಿಸಿದ್ದಾರೆಯೇ, ಅಥವಾ ಒಂದೇ ಹಾಳೆಯಿಂದ ಸಾಲಾಗಿ ಕತ್ತರಿಸಿದ್ದಾರೆಯೇ? ಚೂರುಗಳು ಎಷ್ಟು ಚಿಕ್ಕವು? ಬೆಸುಗೆಯ ಗೆರೆಗಳು ಒಂದೇ ಸಮನಾಗಿ ನುಣುಪಾಗಿವೆಯೇ? ಕೈಕೆಲಸ ಒಳ್ಳೆಯದಿದ್ದರೆ ಸಹಿ ಇಲ್ಲದೆಯೂ ಬೆಲೆ ಏರುತ್ತದೆ.

ಮೂರನೆಯದು: ಕಂದು ಬಣ್ಣವನ್ನು ನಂಬಬೇಡಿ

ದೀಪದ ಗೆರೆಗಳೆಲ್ಲ ಕಂದು ಬಣ್ಣಕ್ಕೆ ತಿರುಗಿವೆ. "ನೋಡಿ, ಎಷ್ಟು ಹಳೇದು!" ಅಂತ ಮಾರುವವರು ಹೇಳಬಹುದು. ತಡೆಯಿರಿ.

ಕಬ್ಬಿಣದ ಮೊಳೆಯನ್ನು ಮೈಲುತುತ್ತಿನ ದ್ರಾವಣದಲ್ಲಿ ಇಟ್ಟ ಪ್ರಯೋಗ ನೆನಪಿದೆಯೇ? ಕಾಸರಗೋಡಿನ ಕಡೆಯ ಮಕ್ಕಳಿಗೆ ಮೈಲುತುತ್ತು ಹೊಸದಲ್ಲ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕುವುದು ಅದನ್ನೇ. ಮೊಳೆಯ ಮೇಲೆ ಕಂದು ಪದರ ಕೂರುತ್ತದೆ. ಕಬ್ಬಿಣವು ತಾಮ್ರವನ್ನು ದ್ರಾವಣದಿಂದ ಹೊರಗೆ ತಳ್ಳಿದ್ದರಿಂದ ಬಂದ ತಾಮ್ರ ಅದು. ತಾಮ್ರಕ್ಕಿಂತ ತವರವೂ ಹೆಚ್ಚು ಕ್ರಿಯಾಶೀಲ. ಆದ್ದರಿಂದ ತವರವಿರುವ ಬೆಸುಗೆಗೆ ಮೈಲುತುತ್ತಿನ ದ್ರಾವಣ ಸವರಿದರೆ ಇದೇ ಆಗುತ್ತದೆ:

ತವರ + ತಾಮ್ರದ ಸಲ್ಫೇಟ್ → ತವರದ ಸಲ್ಫೇಟ್ + ತಾಮ್ರ

ಗಾಜಿನ ಕೆಲಸದವರು ಹೊಸ ದೀಪಕ್ಕೂ ಹೀಗೆ ಬಣ್ಣ ಕೊಡುತ್ತಾರೆ. ಅದು ಮೋಸವಲ್ಲ, ಅಂದಕ್ಕಾಗಿ ಮಾಡುವ ಕೆಲಸ. ಟಿಫಾನಿಯ ಕಾಲದಲ್ಲೂ ಲೋಹಕ್ಕೆ ರಾಸಾಯನಿಕದಿಂದ ಬಣ್ಣ ಕೊಡುತ್ತಿದ್ದರು. ಆದರೆ ಕೆಲವೇ ನಿಮಿಷಗಳಲ್ಲಿ ಬರುವ ಬಣ್ಣವನ್ನು ನೂರು ವರ್ಷದ ಸಾಕ್ಷಿ ಎಂದು ಒಪ್ಪಲಾಗದು.

ನಾಲ್ಕನೆಯದು: "ಇದಕ್ಕಿಂತ ಹಿಂದಿನದಲ್ಲ"

ಇದು ಪಾಠದ ಮುಖ್ಯ ಭಾಗ. ಬೀಗ ಹಾಕಿದ ಒಂದು ಪೆಟ್ಟಿಗೆಯಲ್ಲಿ ₹ ಚಿಹ್ನೆ ಇರುವ ನಾಣ್ಯ ಸಿಕ್ಕಿತು ಅಂದ್ಕೊಳ್ಳಿ. ಆ ಚಿಹ್ನೆ ಬಂದದ್ದು 2010ರಲ್ಲಿ. ಆದ್ದರಿಂದ ಪೆಟ್ಟಿಗೆಯನ್ನು ಕೊನೆಯ ಬಾರಿ ಮುಚ್ಚಿದ್ದು 2010ಕ್ಕಿಂತ ಹಿಂದೆ ಅಲ್ಲ, ಇದು ಖಚಿತ. ಅದೇ ಪೆಟ್ಟಿಗೆಯಲ್ಲಿ 1950ರ ನಾಣ್ಯವೂ ಇದ್ದರೆ? ಪೆಟ್ಟಿಗೆ 1950ರದ್ದು ಎನ್ನಲಾಗದು. ಹಳೆಯ ನಾಣ್ಯವನ್ನು ಯಾರೂ ಯಾವಾಗ ಬೇಕಾದರೂ ಹಾಕಬಹುದು. ಅಂದ್ರೆ ಹೊಸ ಗುರುತು ಒಂದು ಗಡಿ ಹಾಕುತ್ತದೆ, ಹಳೆಯ ಗುರುತು ಗಡಿ ಹಾಕುವುದಿಲ್ಲ.

ದೀಪದಲ್ಲೂ ಇಂಥ ಗುರುತು ಹುಡುಕಬೇಕು.

ಸ್ಕ್ರೂ: ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಗಾಡಿ ಇರುವ ಸ್ಟಾರ್ ಸ್ಕ್ರೂಗೆ ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದರು. ದೀಪದ ಮೂಲ ಜೋಡಣೆಯಲ್ಲೇ ಅದು ಇದ್ದರೆ ದೀಪ 1930ರ ದಶಕಕ್ಕಿಂತ ಹಿಂದಿನದಲ್ಲ. ಒಂದೇ ಗೆರೆಯ ಸ್ಕ್ರೂ ಇದ್ದರೆ ಏನೂ ತೀರ್ಮಾನವಾಗದು, ಅದು ಇಂದಿಗೂ ಸಿಗುತ್ತದೆ.

ತಂತಿ: ಹಳೆಯ ದೀಪಗಳಲ್ಲಿ ಬಟ್ಟೆ ಮತ್ತು ರಬ್ಬರು ಸುತ್ತಿದ ತಂತಿ. ಪಿವಿಸಿ ಪ್ಲಾಸ್ಟಿಕ್ ಹೊದಿಕೆಯ ತಂತಿ ಮನೆಗಳಲ್ಲಿ ಸಾಮಾನ್ಯವಾದದ್ದು ಎರಡನೇ ಮಹಾಯುದ್ಧದ ನಂತರ.

ಚೀಟಿ: ಅಮೆರಿಕದ ಐದಂಕಿಯ ಅಂಚೆ ಸಂಖ್ಯೆ, ಅಂದ್ರೆ ಜಿಪ್ ಕೋಡ್, ಶುರುವಾದದ್ದು 1963ರಲ್ಲಿ. ಕಂಪನಿಯ ವಿಳಾಸದಲ್ಲಿ ಅದಿದ್ದರೆ ಚೀಟಿ 1963ಕ್ಕಿಂತ ಹಿಂದಿನದಲ್ಲ.

ಇಲ್ಲೂ ಒಂದು ಎಚ್ಚರ ಬೇಕು. ಹಳೆಯ ದೀಪಕ್ಕೆ ಹೊಸ ತಂತಿ ಹಾಕುವುದು ಸಹಜ, ಹಾಕಲೇಬೇಕು ಕೂಡ. ಹೊಸ ತಂತಿ ಕಂಡ ಕೂಡಲೇ "ದೀಪವೇ ಹೊಸದು" ಎಂದರೆ ತಪ್ಪಾಗುತ್ತದೆ. ಹಾಗಾಗಿ ಪ್ರತಿ ಗುರುತಿಗೂ ಎರಡು ಪ್ರಶ್ನೆ ಕೇಳಿ. ಇದು ಯಾವ ಕಾಲದ್ದು? ಇದು ಮೊದಲಿನಿಂದ ಇಲ್ಲೇ ಇತ್ತೇ, ಆಮೇಲೆ ಬಂತೇ? ಬಳಸದೆ ಬಿಟ್ಟ ಹಳೆಯ ತೂತು, ಬಣ್ಣ ಹೊಂದದ ಲೋಹ, ಎರಡನೇ ಸಲ ಹಾಕಿದ ಬೆಸುಗೆ ಇವೆಲ್ಲ ರಿಪೇರಿಯ ಸುಳಿವು.

ನಮ್ಮ ದೀಪಕ್ಕೆ ಬರೋಣ. ಸ್ಕ್ರೂಗಳು ಒಂದೇ ಗೆರೆಯವು. ತಂತಿ ಪಿವಿಸಿಯದು. ಚಾವಣಿಗೆ ಕೂರುವ ಲೋಹದ ಬಟ್ಟಲಿನೊಳಗೆ ಜಿಪ್ ಕೋಡ್ ಇರುವ ಒಂದು ಚೀಟಿ, ಅದರಲ್ಲಿ ಕಂಪನಿಯ ಹೆಸರು ಹರಿದುಹೋಗಿದೆ. ಬಟ್ಟಲು, ಸರಪಳಿ, ಶೇಡಿನ ಅಂಚು ಮೂರೂ ಒಂದೇ ಬಗೆಯ ಹಿತ್ತಾಳೆ, ಸವೆತವೂ ಒಂದೇ ತೆರ. ಬದಲಾಯಿಸಿದ ಗುರುತಿಲ್ಲ. ಹಾಗಾದರೆ ದೀಪ ಬಹುತೇಕ 1963ರ ನಂತರದ್ದು. 'ಬಹುತೇಕ' ಅನ್ನುವ ಪದ ಬಿಡಬೇಡಿ. ಬಟ್ಟಲನ್ನು ಸರಪಳಿ ಸಮೇತ ಯಾರೋ ಬದಲಿಸಿರುವ ಸಾಧ್ಯತೆ ಕಡಿಮೆ, ಸೊನ್ನೆಯಲ್ಲ.

ಐದನೆಯದು: ಒಡಕು ಎಲ್ಲಿ, ಎಷ್ಟು?

ಶೇಡಿನ ಒಳಗಿಂದ ಟಾರ್ಚು ಬಿಟ್ಟು ಕತ್ತಲಲ್ಲಿ ನೋಡಿದರೆ ಕೂದಲೆಳೆಯ ಬಿರುಕೂ ಕಾಣುತ್ತದೆ. ನೂರಾರು ಚೂರುಗಳಲ್ಲಿ ಒಂದೆರಡು ಬಿರುಕು ಬಿಟ್ಟಿದ್ದರೆ ಕೊಳ್ಳುವವರು ಸಾಮಾನ್ಯವಾಗಿ ಒಪ್ಪುತ್ತಾರೆ. ಚೂರು ಕಳೆದುಹೋಗಿದ್ದರೆ, ಬೇರೆ ಬಣ್ಣದ ಗಾಜು ತುಂಬಿದ್ದರೆ ಬೆಲೆ ಇಳಿಯುತ್ತದೆ. ಎಲ್ಲಕ್ಕಿಂತ ದೊಡ್ಡ ದೋಷ ಆಕಾರ ಜಗ್ಗುವುದು. ಬೆಸುಗೆ ಮೆತ್ತನೆಯ ಲೋಹ. ಭಾರ ತೂಗಿದಲ್ಲಿ ವರ್ಷಗಟ್ಟಲೆ ನಿಧಾನವಾಗಿ ಎಳೆಯುತ್ತದೆ. ಶೇಡಿನ ತುದಿಯ ಲೋಹದ ಉಂಗುರದಿಂದ ಗಾಜು ಬಿಟ್ಟುಕೊಂಡಿದ್ದರೆ ದೀಪ ಒಂದು ದಿನ ಕೆಳಗೆ ಬೀಳಬಹುದು. ನಮ್ಮ ದೀಪದಲ್ಲಿ ಎರಡು ಚೂರು ಬಿರುಕು ಬಿಟ್ಟಿವೆ, ಆಕಾರ ಗಟ್ಟಿಯಾಗಿದೆ.

ಈಗ ಬೆಲೆ

2018ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ಟಿಫಾನಿಯ ಒಂದು ನೈದಿಲೆ ದೀಪ 33 ಲಕ್ಷ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಇಂಥ ಸುದ್ದಿ ಓದಿದವರು ತಮ್ಮ ಮನೆಯ ದೀಪಕ್ಕೂ ಲಕ್ಷದ ಕನಸು ಕಾಣುತ್ತಾರೆ. ಆದರೆ ಹೋಲಿಸಬೇಕಾದ್ದು ನಮ್ಮ ದೀಪದಂಥ ದೀಪಗಳ ಜೊತೆ: ಅದೇ ಅಳತೆ, ಅದೇ ಕಾಲ, ಸಹಿ ಇಲ್ಲದವು. ಅದರಲ್ಲೂ ಮಾರುವವರು 'ಕೇಳಿದ' ಬೆಲೆ ಬೇಡ, ನಿಜವಾಗಿ 'ಮಾರಾಟವಾದ' ಬೆಲೆ ಬೇಕು. ಸಂತೆಯಲ್ಲಿ ಬಾಯಿಗೆ ಬಂದಷ್ಟು ಹೇಳಬಹುದು, ಗಂಟಿಗೆ ಬರುವುದು ಬೇರೆ.

ಲೆಕ್ಕಕ್ಕಾಗಿ, ಇಂಥ ಐದು ದೀಪಗಳು 400, 450, 500, 550, 2600 ಡಾಲರಿಗೆ ಮಾರಾಟವಾದವು ಎಂದುಕೊಳ್ಳಿ. ಸರಾಸರಿ 4500 ÷ 5 = 900. ಆದರೆ ಐದರಲ್ಲಿ ನಾಲ್ಕು ದೀಪಗಳಿಗೆ 900 ಬಂದಿಲ್ಲ. ಒಂದೇ ಒಂದು ದೊಡ್ಡ ಸಂಖ್ಯೆ ಸರಾಸರಿಯನ್ನು ಮೇಲೆಳೆದಿದೆ. ಮಧ್ಯಾಂಕ 500. ಇಲ್ಲಿ ಮಧ್ಯಾಂಕವೇ ಸತ್ಯಕ್ಕೆ ಹತ್ತಿರ. 2600ಕ್ಕೆ ಹೋದ ದೀಪದಲ್ಲಿ ಏನು ವಿಶೇಷವಿತ್ತು ಎಂದು ವಿಚಾರಿಸಬೇಕು. ಆ ವಿಶೇಷ ನಮ್ಮ ದೀಪದಲ್ಲಿಲ್ಲದಿದ್ದರೆ ಅದನ್ನು ಬದಿಗಿಡಬೇಕು.

'ಬೆಲೆ' ಅನ್ನುವುದೂ ಒಂದೇ ಸಂಖ್ಯೆಯಲ್ಲ. ಹರಾಜಿನಲ್ಲಿ ಒಂದು ದೀಪಕ್ಕೆ 1000 ಡಾಲರಿಗೆ ಸುತ್ತಿಗೆ ಬಿತ್ತು ಅಂದ್ಕೊಳ್ಳಿ. ಹರಾಜಿನವರು ಮಾರುವವರಿಂದ ನೂರಕ್ಕೆ 15 ಹಿಡಿದು, ಸಾಗಣೆಗೆ 50 ಕಳೆದರೆ ಮಾರಿದವರ ಕೈಗೆ 800. ಕೊಂಡವರಿಂದ ನೂರಕ್ಕೆ 25 ಹೆಚ್ಚಿಗೆ ತೆಗೆದುಕೊಂಡರೆ ಅವರು ತೆರುವುದು 1250. ಅದೇ ದೀಪ ಕಳುವಾದರೆ ಅಂಗಡಿಯಿಂದ ಅಂಥದ್ದೇ ತರಲು ಇನ್ನೂ ಹೆಚ್ಚು ಬೇಕಾಗಬಹುದು, ವಿಮೆಗೆ ಬರೆಸುವುದು ಆ ಸಂಖ್ಯೆ. ಅದಕ್ಕೇ ಬೆಲೆ ಕೇಳಿದವರನ್ನು ಮೊದಲು ಕೇಳಬೇಕು: "ಯಾತಕ್ಕೆ? ಮಾರೋದಕ್ಕಾ, ವಿಮೆಗಾ?" ವಿಮೆಯ ಸಂಖ್ಯೆ ಹಿಡಿದು ಮಾರಲು ಹೋದವರಿಗೆ ನಿರಾಸೆ ಖಂಡಿತ.

ಅಮೆರಿಕದ ಬೆಲೆ ಅಂದಾಜುಗಾರರ ವೃತ್ತಿನಿಯಮದಲ್ಲಿ ಒಂದು ಒಳ್ಳೆಯ ಮಾತಿದೆ. ಅಂದಾಜುಗಾರರ ಸಂಬಳ ಅವರು ಹೇಳುವ ಬೆಲೆಯ ಮೇಲೆ ನಿಲ್ಲಬಾರದು. ನೂರಕ್ಕೆ ಇಷ್ಟು ಅಂತ ಕೂಲಿ ಕೊಟ್ಟರೆ ಬೆಲೆ ಏರಿಸಿ ಹೇಳುವ ಆಸೆ ಹುಟ್ಟುತ್ತದೆ. ಕೊಳ್ಳಲು ಬಂದವರೇ ಬೆಲೆ ಹೇಳಿದರೆ ಇಳಿಸುವ ಆಸೆ. ಗುಜರಿಯವರೇ ತಕ್ಕಡಿ ಹಿಡಿದು, ಅವರೇ ದರವನ್ನೂ ಹೇಳಿದಂತೆ. ಅಳೆಯುವವರಿಗೆ ಫಲಿತಾಂಶದಲ್ಲಿ ಲಾಭವಿರಬಾರದು. ಇದು ವಿಜ್ಞಾನದ ನಿಯಮವೂ ಹೌದು.

ವರದಿ ಬರೆಯುವುದು

'ಟಿಫಾನಿಯದು', 'ಟಿಫಾನಿಯದಿರಬಹುದು', 'ಟಿಫಾನಿ ಶೈಲಿಯದು' ಈ ಮೂರು ಮಾತು ಬೇರೆ ಬೇರೆ. ಮೊದಲನೆಯದಕ್ಕೆ ಗಟ್ಟಿ ಪುರಾವೆ ಬೇಕು. ಎರಡನೆಯದಕ್ಕೆ ತಿಳಿದವರ ಅಭಿಪ್ರಾಯ ಬೇಕು. ಮೂರನೆಯದು ಕೇವಲ ನೋಟದ ಮಾತು. ನಮ್ಮ ದೀಪದ ವರದಿ ಹೀಗಿರಲಿ:

"ತಾಮ್ರದ ಹಾಳೆಯ ವಿಧಾನದ, ಟಿಫಾನಿ ಶೈಲಿಯ ಗಾಜಿನ ತೂಗುದೀಪ. ವ್ಯಾಸ 50 ಸೆಂ.ಮೀ. ಸಹಿ ಇಲ್ಲ, ಮಾಡಿದವರು ಯಾರೆಂದು ತಿಳಿದಿಲ್ಲ. ಚಾವಣಿ ಬಟ್ಟಲಿನ ಚೀಟಿಯಲ್ಲಿ ಜಿಪ್ ಕೋಡ್ ಇರುವುದರಿಂದ ಬಹುತೇಕ 1963ರ ನಂತರದ್ದು. ಎರಡು ಚೂರುಗಳಲ್ಲಿ ಬಿರುಕು, ಆಕಾರ ಗಟ್ಟಿ. ತಂತಿಯನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸಿಲ್ಲ. ಮಾರಾಟಕ್ಕೆ ಅಂದಾಜು 400ರಿಂದ 550 ಡಾಲರ್."

ಹತ್ತು ಸಾವಿರ ಎಂದವರೂ, ನೂರು ಎಂದವರೂ ಇಬ್ಬರೂ ತಪ್ಪು. ಈ ವರದಿ ಓದಿದ ಯಾರಿಗೂ ಮೋಸವಾಗುವುದಿಲ್ಲ.

ಸಹಿಯ ಹಿಂದಿನ ಹೆಸರು

ಸಹಿ ಇರುವ ದೀಪದಲ್ಲೂ ಒಂದು ಹೆಸರು ಕಾಣೆಯಾಗಿತ್ತು. ಟಿಫಾನಿ ಕಾರ್ಖಾನೆಯಲ್ಲಿ ಗಾಜು ಕತ್ತರಿಸುವ ಮಹಿಳೆಯರ ವಿಭಾಗದ ಮುಖ್ಯಸ್ಥೆ ಕ್ಲಾರಾ ಡ್ರಿಸ್ಕಾಲ್ (1861–1944). ಅವರು ಮನೆಯವರಿಗೆ ಬರೆದ ಪತ್ರಗಳನ್ನು ಸಂಶೋಧಕರು ಓದಿದಾಗ, ಡ್ರಾಗನ್‌ಫ್ಲೈ, ವಿಸ್ಟೀರಿಯಾ ಮುಂತಾದ ಪ್ರಸಿದ್ಧ ದೀಪಗಳ ವಿನ್ಯಾಸ ಅವರದೆಂದು ತಿಳಿಯಿತು. 2007ರಲ್ಲಿ ನ್ಯೂಯಾರ್ಕಿನ ಇತಿಹಾಸ ಸಂಸ್ಥೆ ಕ್ಲಾರಾ ಮತ್ತು ಅವರ ಸಂಗಡಿಗರ ಕೆಲಸದ ಮೇಲೆ ಪ್ರದರ್ಶನವನ್ನೇ ಏರ್ಪಡಿಸಿತು. ದೀಪದ ಮೇಲಿದ್ದದ್ದು ಕಂಪನಿಯ ಹೆಸರು, ಮಾಡಿದ ಕೈಗಳದ್ದಲ್ಲ. ಸಹಿಯನ್ನೇ ನೋಡಿ ನಿಂತವರಿಗೆ ಸುಮಾರು ನೂರು ವರ್ಷ ಇದು ಕಾಣಲಿಲ್ಲ.

ಎಚ್ಚರಿಕೆ

ಹಳೆಯ ವಿದ್ಯುತ್ ದೀಪವನ್ನು ಪರೀಕ್ಷೆಗೆಂದು ಪ್ಲಗ್ಗಿಗೆ ಹಾಕಬೇಡಿ. ಅಮೆರಿಕದ ದೀಪಗಳು 120 ವೋಲ್ಟಿನವು, ನಮ್ಮ ಮನೆಗಳದ್ದು 230. ಬೆಸುಗೆಯಲ್ಲಿ ಸೀಸವಿದೆ, ಅದು ವಿಷ. ಉಜ್ಜಬೇಡಿ, ಕೆರೆಯಬೇಡಿ, ಮುಟ್ಟಿದರೆ ಸೋಪಿನಿಂದ ಕೈ ತೊಳೆಯಿರಿ. ಮೊಳೆ ಮತ್ತು ಮೈಲುತುತ್ತಿನ ಪ್ರಯೋಗವನ್ನು ಶಿಕ್ಷಕರ ಎದುರಿಗೇ ಮಾಡಿ.

ನೀವೇ ಯೋಚಿಸಿ

1. ಹಳೆಯ ಟ್ರಂಕಿನ ಒಳಗೆ ಅಂಗಡಿಯ ಚೀಟಿ ಅಂಟಿದೆ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದೆ. ನಮ್ಮ ದೇಶದಲ್ಲಿ ಪಿನ್ ಕೋಡ್ ಬಂದದ್ದು 1972ರಲ್ಲಿ. ಚೀಟಿಯ ಬಗ್ಗೆ ಏನು ಹೇಳಬಹುದು? ಟ್ರಂಕಿನ ಬಗ್ಗೆ ಏನು ಹೇಳಲಾಗದು?
2. ಚೀಟಿಯಲ್ಲಿ ಪಿನ್ ಕೋಡ್ ಇಲ್ಲದಿದ್ದರೆ ಅದು 1972ಕ್ಕಿಂತ ಹಿಂದಿನದೇ? ಕಾರಣ ಕೊಡಿ.
3. 40 ಸೆಂ.ಮೀ. ವ್ಯಾಸದ, 3 ಮಿ.ಮೀ. ದಪ್ಪದ ಅರ್ಧಗೋಳದ ಶೇಡು ಗಾಜಾದರೆ ಎಷ್ಟು ತೂಗುತ್ತದೆ? ಅಕ್ರಿಲಿಕ್ ಆದರೆ?
4. ಮನೆಯ ಒಂದು ಹಳೆಯ ವಸ್ತು ಆರಿಸಿ, ಕೊಳಗವೋ ಗಡಿಯಾರವೋ ಸರಿ. ಅದರ ಬಗ್ಗೆ ಆರು ಸಾಲಿನ ವರದಿ ಬರೆಯಿರಿ. ಕಂಡದ್ದರ ಕೆಳಗೆ ಒಂದು ಗೆರೆ, ಊಹಿಸಿದ್ದರ ಕೆಳಗೆ ಎರಡು ಗೆರೆ ಎಳೆಯಿರಿ. ಅಜ್ಜಿ ಹೇಳಿದ ಮಾತಿದ್ದರೆ "ಅಜ್ಜಿ ಹೇಳಿದ್ದು" ಎಂದೇ ಬರೆಯಿರಿ.